ನಾಲ್ಕನೆಯ ಸರದಾರ

ಆಳಂದದ ಹತ್ತಿರದ ಕಿಣ್ಣಿ ಸುಲ್ತಾನ ಎಂಬ ಊರಿನ ನಿಂಬೆವ್ವ ಕೌದಿ ಹೊಲಿದು ಬದುಕಿದವಳು. ಹಳೆಯ ಸೀರೆ, ಧೋತರ ತೆಗೆದಿಟ್ಟು ಹೇಳಿ ಕಳಿಸಿದರೆ ಮನೆಗೇ ಬಂದು, ಪಡಸಾಲೆಯಲ್ಲಿ ಹಾಸಿಕೊಂಡು ಕೂರುತ್ತಿದ್ದಳು. ಊರಲ್ಲಿ ಕೌದಿ ಹೊಲಿಯುವವರು ಬೇರೆಯವರೂ ಇದ್ದರು. ಆದರೂ ಹೆಂಗಸರು ಅವಳನ್ನೇ ಕರೆಸುತ್ತಿದ್ದರು. ಅವಳು ಸೊಲ್ಲಾಪುರದಲ್ಲಿ ಸಿನೆಮಾ ನೋಡಿ ಬಂದವಳು, ಹೊಲಿಯುತ್ತ ಅದರ ಕತೆ ಹೇಳುತ್ತಿದ್ದಳು.

ಮದುವೆಯಾದ ಹೊಸತರಲ್ಲಿ ಅವಳ ಗಂಡ ಚಂದ್ರಾಮಪ್ಪ ಸೊಲ್ಲಾಪುರದ ಬಟ್ಟೆ ಗಿರಣಿಗೆ ಸೇರಿದ. ನಿಜಾಮನ ಮೊಗಲಾಯಿ ದಾಟಿ ಇಂಗ್ರೇಜಿ ಸೀಮೆಗೆ ಹೋದ ಹುಡುಗಿಗೆ ಅಲ್ಲಿನ ಇಕ್ಕಟ್ಟು ಕೋಣೆ, ನಲ್ಲಿಯ ಮುಂದಿನ ಜಗಳ, ಗಿರಣಿಯ ಭೋಂಗಾದ ಕೂಗು ಯಾವುದೂ ಹಿಡಿಸಲಿಲ್ಲ. ಪಗಾರ ಆದ ವಾರ ಗಂಡ ಕರೆದೊಯ್ಯುತ್ತಿದ್ದ ಸಿನೆಮಾ ಮಾತ್ರ ಹಿಡಿಸಿತು. ಅದರಲ್ಲೂ ಭಾಗ ಭಾಗವಾಗಿ ಬರುತ್ತಿದ್ದ ‘ಜಂಬಿಯಾ ಸರದಾರ’. ಸೊಂಟದಲ್ಲಿ ಬಾಗಿದ ಜಂಬಿಯಾ ಕತ್ತಿ, ಕೆಳಗೆ ಬಿಳಿ ಕುದುರೆ. ಸರದಾರ ಕೋಟೆ ಹಾರುತ್ತಿದ್ದ, ಸೆರೆಮನೆ ಮುರಿಯುತ್ತಿದ್ದ.

ಅವು ಮಾತಿಲ್ಲದ ಸಿನೆಮಾಗಳು. ನಡುನಡುವೆ ಪರದೆಯ ಮೇಲೆ ಅಕ್ಷರ ಮೂಡುತ್ತಿದ್ದವು. ನಿಂಬೆವ್ವನಿಗೆ ಓದು ಬಾರದು. ಚಂದ್ರಾಮಪ್ಪ ಅರೆಬರೆ ಮರಾಠಿ ಬಲ್ಲವನು, ಓದಿ ಅವಳ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಿದ್ದ. ಸರದಾರನ ಮಾತಿಗೆ ದಪ್ಪ ಧ್ವನಿ, ಅವನ ಹುಡುಗಿಗೆ ಸಣ್ಣ ಧ್ವನಿ, ವಜೀರನಿಗೆ ಮೂಗಿನ ಧ್ವನಿ.

“ಏನಂದನ್ರಿ?”

“‘ಈ ಬಾಗಲಾ ಮುರದ ಹೋಗ್ತೇನಿ, ಯಾರ ತಡಿತೀರಿ ತಡೀರಿ, ನಮ್ಮವ್ವನ ಹಾಲ ಕುಡದಾಂವ ಅದೇನಿ ನಾ’ ಅಂದ.”

“ಅಲ್ಲಿ ಅಷ್ಟುದ್ದ ಬರದಿಲ್ಲಲ್ರಿ. ಎರಡೇ ಅಕ್ಷರ ಅದಾವ.”

“ಸರದಾರ ಮನಸಿನ್ಯಾಗ ಅಂದಿದ್ದೂ ಹೇಳಾಕತ್ತೇನಿ. ಸುಮ್ಕ ನೋಡ ಬೇ.”

ಮುಂದೆ ಕೂತವರು ತಿರುಗಿ ಗದರಿದರೆ ನಿಂಬೆವ್ವ ಬಾಯಿಗೆ ಸೆರಗು ತುಂಬಿಕೊಂಡು ನಗುತ್ತಿದ್ದಳು.

ಮೂರನೆಯ ಭಾಗದ ಕೊನೆಗೆ ಸರದಾರ ಕುದುರೆಸಮೇತ ತುಂಬಿದ ಹೊಳೆಗೆ ಹಾರಿದ. ಹುಡುಗಿ ದಂಡೆಯಲ್ಲಿ ಕಂದೀಲು ಎತ್ತಿ ನಿಂತಳು. ಅಷ್ಟರಲ್ಲಿ ಮುಗಿಯಿತು. ಹೊರಗೆ ಬಂದರೂ ನಿಂಬೆವ್ವನ ಅಳು ನಿಲ್ಲಲಿಲ್ಲ.

“ನಾಲ್ಕನೇದ ಬರ್ತದ, ಇಬ್ರೂ ಕೂಡೇ ನೋಡೂಣು,” ಎಂದ ಚಂದ್ರಾಮಪ್ಪ. “ಸರದಾರಗ ಸಾಯಾಕ ಬರಂಗಿಲ್ಲ.”

ನಾಲ್ಕನೆಯದು ಬರಲಿಲ್ಲ. ಅರಳೆಯ ಧೂಳು ಚಂದ್ರಾಮಪ್ಪನ ಎದೆ ಹಿಡಿಯಿತು. ಕೆಮ್ಮು ಹೆಚ್ಚಾಗಿ, ಜ್ವರ ಸೇರಿ, ಮುಂದಿನ ಬೇಸಿಗೆ ಕಾಣುವ ಮೊದಲೇ ತೀರಿಕೊಂಡ. ನಿಂಬೆವ್ವ ಒಂದು ಗಂಟು ಹೊತ್ತು ತವರೂರಿಗೆ ಮರಳಿದಳು.

ಕತೆ ಕೇಳುವವರಲ್ಲಿ ಗೌರಾಬಾಯಿಗೆ ಎಲ್ಲರಿಗಿಂತ ಆತುರ. ಹೊಲಮನೆ ಇದ್ದ ಗಟ್ಟಿ ಹೆಂಗಸು. ಪ್ರತಿ ವರ್ಷ ಕೌದಿಗೆ ಕರೆಸಿದಾಗಲೂ, “ಹೊಳ್ಯಾಗಿಂದ ಬಂದನಿಲ್ಲ ನಿಮ್ಮ ಸರದಾರ?” ಎಂದು ಕೇಳುವಳು.

“ಇನ್ನಾ ಬಂದಿಲ್ಲಕ್ಕ. ಬಂದಾಗ ಹೇಳ್ತೇನಿ.”

ಮುಂದಿನದನ್ನು ತಾನೇ ಕಟ್ಟಿ ಹೇಳಬಹುದಿತ್ತು. ಹೇಳಲಿಲ್ಲ. ಅದು ಚಂದ್ರಾಮಪ್ಪನ ಜೊತೆ ನೋಡಬೇಕಾಗಿದ್ದ ಭಾಗ.

ವರ್ಷಗಳು ಕಳೆದವು. ಎರಡನೆಯ ಮಹಾಯುದ್ಧದ ಕಾಲ. ಸೀಮೆಎಣ್ಣೆಗೆ ಪರದಾಡುತ್ತಿದ್ದ ದಿನಗಳು. ಜೋಳದ ರಾಶಿ ಮುಗಿದ ಮೇಲೆ ಆಳಂದದಲ್ಲಿ ಸಿನೆಮಾ ಡೇರೆ ಬಿತ್ತು. ಡೇರೆಯ ಚಮನಸಾಬ ಬಂಡಿಗೆ ಚಿತ್ರದ ಹಲಗೆ ಕಟ್ಟಿಕೊಂಡು, ತಮಟೆ ಬಡಿಸುತ್ತ ಊರಿಗೆ ಬಂದ. “ಜಂಬಿಯಾ ಸರದಾರ, ನಂಬರ್ ಚಾರ್! ಈ ಸಲ ಮಾತಾಡ್ತಾನ, ಹಾಡ್ತಾನ!”

ಗೌರಾಬಾಯಿಯ ಪಡಸಾಲೆಯಲ್ಲಿ ಕೂತಿದ್ದ ನಿಂಬೆವ್ವನ ಸೂಜಿ ನಿಂತಿತು.

“ಯಾರ ಧ್ವನೀಲೆ ಮಾತಾಡ್ತಾನಕ್ಕ?”

“ತನ್ನ ಧ್ವನೀಲೇ. ಮತ್ತ್ಯಾರ ಧ್ವನಿ ತರ್ತಾನ?”

“ಅವನ ಧ್ವನಿ ನಂಗ ಗೊತ್ತದ,” ಎಂದಳು ನಿಂಬೆವ್ವ.

ಒಮ್ಮೆ ಬರುತ್ತೇನೆ ಎಂದಳು, ಒಮ್ಮೆ ಒಲ್ಲೆ ಎಂದಳು. ಕೊನೆಗೆ ಗೌರಾಬಾಯಿಯ ಗಂಡ ಭೀಮಶಾ ಬಂಡಿ ಹೂಡಿದಾಗ ಎಲ್ಲರಿಗಿಂತ ಮೊದಲು ಹತ್ತಿ ಕೂತವಳು ಅವಳೇ. ರಾತ್ರಿ ಗೌರಾಬಾಯಿಯ ತಂಗಿಯ ಮನೆಯಲ್ಲಿ ಉಳಿಯುವುದೆಂದು ಮಾತಾಗಿತ್ತು.

ಡೇರೆಯಲ್ಲಿ ಹೆಂಗಸರ ಕಡೆ ಮರಳ ಮೇಲೆ ಕೂತರು. ಪರದೆ ಬೆಳಗಿತು. ಹೊಳೆಯಿಂದ ಕುದುರೆ ಎದ್ದಿತು, ಬೆನ್ನ ಮೇಲೆ ಸರದಾರ. ಅವನೇ. ಗಲ್ಲ ಕೊಂಚ ತುಂಬಿತ್ತು, ಅಷ್ಟೆ. ನಿಂಬೆವ್ವ ಗೌರಾಬಾಯಿಯ ಕೈ ಬಿಗಿಯಾಗಿ ಹಿಡಿದಳು. “ಬಂದ ಅಕ್ಕ! ಬಂದ ನೋಡು!”

ಸರದಾರ ಬಾಯಿ ತೆರೆದ. ತೆಳ್ಳನೆಯ, ಸಕ್ಕರೆ ಹಾಕಿದಂಥ ಧ್ವನಿ. ನಯವಾದ ಉರ್ದುವಿನಲ್ಲಿ ಏನೋ ಹೇಳಿ, ತೊಯ್ದ ಬಟ್ಟೆಯಲ್ಲೇ ಹಾಡತೊಡಗಿದ. ಡೇರೆಯಲ್ಲಿ ಸಿಳ್ಳೆ, ಚಪ್ಪಾಳೆ. ನಿಂಬೆವ್ವನಿಗೆ ಯಾರೋ ಅವಳ ಮನೆಗೆ ನುಗ್ಗಿ ಚಂದ್ರಾಮಪ್ಪನ ಅಂಗಿ ತೊಟ್ಟು ನಿಂತ ಹಾಗಾಯಿತು. ಸೊಂಟದ ಅಡಕೆ ಚೀಲದಲ್ಲಿ ದೀಪದ ಬತ್ತಿಗೆಂದು ಇಟ್ಟಿದ್ದ ಅರಳೆ ತೆಗೆದು ಎರಡೂ ಕಿವಿಗೆ ತುರುಕಿಕೊಂಡಳು.

ಈಗ ಸರದಾರನ ತುಟಿ ಮಾತ್ರ ಆಡುತ್ತಿತ್ತು. ಅವಳು ಗಂಡನ ಧ್ವನಿಗಾಗಿ ಕಾದಳು. ಯಾರ ತಡಿತೀರಿ ತಡೀರಿ. ಮಾತು ನೆನಪಿಗೆ ಬಂತು. ಧ್ವನಿ ಬರಲಿಲ್ಲ. ಅದು ದಪ್ಪಗಿತ್ತು ಎಂದು ಗೊತ್ತು, ಕೆಳಗೆ ಸಣ್ಣ ಗೊರಗೊರ ಇತ್ತು ಎಂದು ಗೊತ್ತು. ಕಿವಿಗೆ ಮಾತ್ರ ಬರುತ್ತಿಲ್ಲ. ಕಣ್ಣು ಮುಚ್ಚಿದಳು, ತೆರೆದಳು. ಯಾವಾಗ ಮರೆತೆ, ಯಾವ ವರ್ಷ ಹೋಯಿತು ಎಂದು ಹುಡುಕಿದಳು. ಅದೂ ಸಿಗಲಿಲ್ಲ.

ಪರದೆಯ ಮೇಲೆ ಸರದಾರ ಹೊಳೆ ದಂಡೆಯಲ್ಲಿ ಆ ಕಂದೀಲಿನ ಹುಡುಗಿಯ ಎದುರು ನಿಂತಿದ್ದ. ಈಗ ಹುಡುಗಿಯಲ್ಲ, ಕಿವಿಯ ಬಳಿ ಕೂದಲು ನರೆತಿತ್ತು. ಅವಳು ನಿಧಾನವಾಗಿ ಏನೋ ಹೇಳಿದಳು. ಸರದಾರ ತಲೆ ತಗ್ಗಿಸಿದ. ಸುತ್ತಲಿನ ಹೆಂಗಸರೆಲ್ಲ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಗೌರಾಬಾಯಿಯಂತೂ ಬಿಕ್ಕುತ್ತಿದ್ದಳು. ಆ ಮಾತು ಏನೆಂದು ತಿಳಿಯದವಳು ತಾನೊಬ್ಬಳೇ ಅನಿಸಿ ನಿಂಬೆವ್ವ ಅರಳೆ ಕಿತ್ತಳು. ಅಷ್ಟರಲ್ಲಿ ಮಾತು ಮುಗಿದಿತ್ತು.

ಉಳಿದದ್ದನ್ನು ಪೂರ್ತಿ ಕೇಳಿದಳು. ಕೋಟೆಯ ಮೇಲಿನ ಕಾಳಗಕ್ಕೆ ಮೊಣಕಾಲೂರಿ ಎದ್ದಳು. ಹಾಡು ಬಂದಾಗಲೆಲ್ಲ ಮರಳಲ್ಲಿ ಗೆರೆ ಎಳೆಯುತ್ತ ಕೂತಳು.

ಮರುದಿನ ಬೆಳಿಗ್ಗೆ ಬಂಡಿ ಆಳಂದ ಬಿಟ್ಟ ಮೇಲೆ ಕೇಳಿದಳು. “ಅಕ್ಕ, ಹೊಳಿ ದಂಡ್ಯಾಗ ಅಕಿ ಏನಂದ್ಳು?”

“ನೀ ಕೇಳಲಿಲ್ಲೇನ? ‘ಬರ್ತೀ ಅಂತ ದಿನಾ ದೀಪಾ ಹಚ್ಚಿದ್ನಿ. ಬಂದಿ. ನಾಳಿಂದ ಸಂಜೀಕ ನಾ ಏನ್ ಮಾಡ್ಲಿ?’ ಅಂದ್ಳು.”

ಬಂಡಿ ಹಳ್ಳ ದಾಟುವಾಗ ನಿಂಬೆವ್ವ ಅದರ ಗೂಟ ಹಿಡಿದು ಕೂತಳು.

“ಚಲೋ ಮಾತ,” ಎಂದಳು ಆಮೇಲೆ. “ನಮ್ಮವ್ರಿದ್ರ ಇನ್ನಾ ನಾಕ ಮಾತ ಕೂಡ್ಸಿ ಹೇಳ್ತಿದ್ರು.”

ಗೌರಾಬಾಯಿ ನಕ್ಕಳು. ನಿಂಬೆವ್ವನೂ ನಕ್ಕಳು. ನಗುತ್ತಲೇ ಮುಖ ಆಚೆ ತಿರುಗಿಸಿಕೊಂಡಳು.

ಆ ಬೇಸಿಗೆಯಲ್ಲಿ ಊರಿನ ಹೆಂಗಸರಿಗೆ ನಾಲ್ಕನೆಯ ಭಾಗವನ್ನೂ ಹೇಳಿದಳು. ಹಾಡುಗಳನ್ನು ಬಿಟ್ಟು ಹೇಳಿದಳು. ಸಿನೆಮಾ ಹೇಗಿತ್ತು ಎಂದು ಕೇಳಿದರೆ ಒಂದು ದಿನ ಚಲೋ ಅನ್ನುವಳು, ಇನ್ನೊಂದು ದಿನ ಅದೇನ ಸಿನೆಮಾ ಅನ್ನುವಳು. ಒಮ್ಮೆ ಗೌರಾಬಾಯಿ ಬಿಡದೆ ಹಿಡಿದಳು. “ಖರೇ ಹೇಳು, ನಿನ್ನ ಮನಸಿಗೆ ಬಂತೋ ಇಲ್ಲೋ?”

ನಿಂಬೆವ್ವ ದಾರ ಕಚ್ಚಿ ಹರಿದಳು. “ನಮ್ಮವ್ರ ಮನಸಿಗಿ ಬರ್ತಿತ್ತೋ ಇಲ್ಲೋ, ಅದು ತಿಳೀವಲ್ದಕ್ಕ. ಅದು ತಿಳದ್ರ ನಂದೂ ತಿಳೀತದ.”