ಚರಗದ ದಿನ ನಾನು ನಕ್ಕದ್ದು

ಸಿಂದಗಿ ಕಡೆಯ ಹಳ್ಳಿಗಳಲ್ಲಿ ನಾನು ನರ್ಸ್ ಕೆಲಸ ಮಾಡುತ್ತೇನೆ. ಮೂವತ್ತು ದಾಟಿದ ಹೆಂಗಸರ ಮನೆಗೆ ಹೋಗಿ, ಎದೆಯಲ್ಲಿ ಗಂಟು ಇದೆಯೇ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡಿದೆಯೇ ಎಂದು ಕೇಳಿ ಫಾರ್ಮ್ ತುಂಬುವುದೂ ಅದರಲ್ಲೊಂದು. ಅತ್ತೆ ಎದುರಿಗೆ ಕೂತಿದ್ದರೆ ಸೊಸೆ ಬಾಯಿ ಬಿಡುವುದಿಲ್ಲ. ಅದಕ್ಕೇ ನೀರಿನ ನೆಪ ಮಾಡಿ ಅಡುಗೆಮನೆಗೆ ಹೋಗಿ ಕೇಳುತ್ತೇನೆ. ಈ ಚಾಲಾಕಿಯನ್ನು ಹೊಸ ಹುಡುಗಿಯರಿಗೆ ಹೇಳಿಕೊಟ್ಟು ಬೀಗಿದವಳೂ ನಾನೇ.

ನನ್ನ ತವರು ಇಂಡಿ ತಾಲ್ಲೂಕಿನ ನಿಂಬೆ ತೋಟಗಳ ಊರು. ತಾಯಿ ಇಲ್ಲದ ನನ್ನನ್ನು ಸಾಕಿದವಳು ಕಾಕಿ, ಅಪ್ಪನ ತಮ್ಮನ ಹೆಂಡತಿ. ಮನೆಯ ಗಂಡಸರೆಲ್ಲ ಬೇಡವೆಂದರೂ ಹಟ ಹಿಡಿದು ನನ್ನನ್ನು ನರ್ಸಿಂಗ್ ಓದಿಗೆ ಕಳಿಸಿದವಳು ಅವಳೇ.

ಎರಡು ವರ್ಷದ ಹಿಂದೆ ಎಳ್ಳಮಾವಾಸ್ಯೆಗೆ ತವರಿಗೆ ಹೋಗಿದ್ದೆ. ಅಂದು ನಮ್ಮ ಕಡೆ ಮನೆಮಂದಿಯೆಲ್ಲ ಅಡುಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆ ಹಿಡಿದು, ಅದೇ ಅಡುಗೆಯನ್ನು ಚರಗವೆಂದು ಬೆಳೆಯ ಮೇಲೆ ಚೆಲ್ಲಿ, ಅಲ್ಲೇ ಉಂಡು ಬರುತ್ತಾರೆ. ಮುಟ್ಟಾದವರು ಮಾತ್ರ ಮನೆಯಲ್ಲಿ ಉಳಿಯಬೇಕು. ಕಾಕಿಗೆ ಮುಟ್ಟು ನಿಂತು ನಾಲ್ಕೈದು ವರ್ಷವಾಗಿತ್ತು. ಇನ್ನು ಸಾಯುವ ತನಕ ಚರಗದ ಬುಟ್ಟಿ ತನ್ನದೇ ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಆ ದಿನ ಟ್ರ್ಯಾಕ್ಟರ್ ಬಾಗಿಲಿಗೆ ಬಂತು, ಸಜ್ಜೆ ರೊಟ್ಟಿ, ಬಜ್ಜಿ, ಕಡುಬು ಎಲ್ಲ ಏರಿಸಿದ್ದಾಯಿತು. ಕಾಕಿ ಮಾತ್ರ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಮತ್ತೆ ಹೊರಗಾಗಿದ್ದೇನೆ, ನೀವು ಹೋಗಿ ಬನ್ನಿ ಎಂದು ಸಣ್ಣ ದನಿಯಲ್ಲಿ ಹೇಳಿದಳು.

ಟ್ರೇಲರಿನಲ್ಲಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಸುಮ್ಮನಿರುವ ಜಾಯಮಾನ ನನ್ನದಲ್ಲ.

"ಏನ ಕಾಕಿ, ಈ ವಯಸ್ಸಿನ್ಯಾಗ ನಿನಗ ಮತ್ತ ಹರೇ ಬಂತೇನು?" ಎಂದೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಕಾಕಿಯೂ ಬಾಯಿಗೆ ಸೆರಗು ಹಿಡಿದು ನಕ್ಕಳು. ಮುಟ್ಟು ನಿಂತ ಮೇಲೆ ರಕ್ತ ಎಂಬ ಫಾರ್ಮಿನ ಆ ಸಾಲು ನನಗೆ ನೆನಪಾಗಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೊಲದಲ್ಲಿ ಊಟಕ್ಕೆ ಕೂತಾಗ ನೆನಪಾಗಿತ್ತು. ಸಂಜೆ ಕೇಳಿದರಾಯಿತು ಅಂದುಕೊಂಡೆ, ಸಂಜೆ ಬಸ್ಸಿನ ಅವಸರ ಎಂದು ಹೊರಟುಬಿಟ್ಟೆ. ಬಸ್ಸು ಬರೀ ನೆಪ. ಊರ ಹೆಂಗಸರಿಗೆಲ್ಲ ಕೇಳುವ ಮಾತನ್ನು ನನ್ನನ್ನು ಸಾಕಿದವಳಿಗೆ ಕೇಳಲು ನನಗೆ ನಾಚಿಕೆ. ಅಂಥ ನಾಚಿಕೆಗೆ ಬೆಂಕಿ ಹಾಕಬೇಕು.

ಮಳೆಗಾಲದ ಹೊತ್ತಿಗೆ ಕಾಕಿಗೆ ಸೊಂಟನೋವು ಹಿಡಿದು ಏಳಲಾಗದಂತಾಯಿತು. ವಿಜಯಪುರದ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಹೊರಗಿನ ಬೆಂಚಿನಲ್ಲಿ ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಹೆಂಗಸರು ಕೂತಿದ್ದರು. ಒಬ್ಬಳು ಕಬ್ಬಿನ ಕಟಾವು ಮುಗಿಯಲಿ ಎಂದು ತಡೆದಿದ್ದಳು, ಇನ್ನೊಬ್ಬಳಿಗೆ ಕರೆತರುವವರೇ ಇರಲಿಲ್ಲ. ಕಾಕಿಗೆ ಹೊಲವಿತ್ತು, ಮನೆಯಲ್ಲೇ ನರ್ಸ್ ಇದ್ದಳು. ಆದರೂ ಅವಳು ಬಂದು ಕೂತದ್ದು ಅದೇ ಬೆಂಚಿನಲ್ಲಿ, ಅವರಷ್ಟೇ ತಡವಾಗಿ.

ಗರ್ಭಕಂಠದ ಕ್ಯಾನ್ಸರ್, ಆಗಲೇ ಹಬ್ಬಿತ್ತು. ಇಷ್ಟು ದಿನ ಯಾಕೆ ತೋರಿಸಲಿಲ್ಲ ಎಂದು ಡಾಕ್ಟರು ಕೇಳಿದರು. ನಾನು ನರ್ಸ್ ಎಂದು ಅವರಿಗೆ ಗೊತ್ತಿರಲಿಲ್ಲ. ಕೊರಳಲ್ಲಿ ಹಾಕಿಕೊಳ್ಳುವ ಗುರುತಿನ ಕಾರ್ಡನ್ನು ಬೆಂಚಿನಲ್ಲಿ ಕೂತಾಗಲೇ ಬ್ಯಾಗಿಗೆ ಸೇರಿಸಿದ್ದೆ. ಕಾಕಿ ನನ್ನ ಕಡೆ ಕೈ ಮಾಡಿದಳು.

"ಹಬ್ಬದ ದಿನಾನ ಈಕಿಗೆ ಗೊತ್ತಿತ್ರಿ. ನರ್ಸ್ ಅದಾಳ ಈಕಿ. ಏನಾರ ಇದ್ದಿದ್ರ ಈಕಿ ನಗತಿದ್ದಿಲ್ಲ ಅಂತ ನಾ ಸುಮ್ನ ಕುಂತ್ನಿರಿ."

ದೂರಿನ ದನಿಯಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಓದಿದ ಮಗಳನ್ನು ಪರರಿಗೆ ತೋರಿಸುವ ಹೆಮ್ಮೆ ಅದರಲ್ಲಿತ್ತು. ಡಾಕ್ಟರು ಒಮ್ಮೆ ನನ್ನತ್ತ ನೋಡಿ ಚೀಟಿ ಬರೆಯತೊಡಗಿದರು.

ಕರೆಂಟ್ ಎಂದು ನಮ್ಮ ಕಡೆ ಕರೆಯುವ ವಿಕಿರಣ ಚಿಕಿತ್ಸೆ ಕೊಡಿಸಿದೆವು, ಆದರೆ ಮುಂದಿನ ಎಳ್ಳಮಾವಾಸ್ಯೆಗೆ ಕಾಕಿ ಇರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಕಾಕಾ ಪಡಸಾಲೆಯಲ್ಲಿ ಬೀಗರ ಮುಂದೆ, "ಈಕಿ ನರ್ಸ್ ಇದ್ದದ್ದಕ್ಕ ಅಕಿಗೆ ದೊಡ್ಡ ದವಾಖಾನಿನಾರ ಕಂಡಿತು" ಎಂದ. ಎಲ್ಲರೂ ಹೌದು ಹೌದೆಂದರು. ನಾನು ಅಲ್ಲವೆನ್ನಲಿಲ್ಲ. ತಲೆ ಬಗ್ಗಿಸಿದ್ದನ್ನು ನೋಡಿ, ಅಳುತ್ತಿದ್ದಾಳೆಂದು ಯಾರೋ ನೀರು ತಂದುಕೊಟ್ಟರು. ಅದನ್ನೂ ಕುಡಿದೆ.