ಕತ್ತು ವಾಲಿಸಿ ಕೇಳುವವಳು

ಬೆಳ್ಳೂರಿನ ಯಶ್ಮಿತಾ ಕಾಸರಗೋಡಿನಲ್ಲಿ ಎಂ.ಎಡ್. ಸೇರಿ, ಜೊತೆಗೆ ಮನಶ್ಶಾಸ್ತ್ರವನ್ನೂ ಕೌನ್ಸೆಲಿಂಗನ್ನೂ ತೆಗೆದುಕೊಂಡ ಮೇಲೆ, ಎಡಕ್ಕೆ ವಾಲಿದ ಅವಳ ಕತ್ತು ಬಹುಕಾಲ ನೆಟ್ಟಗಾಗಲೇ ಇಲ್ಲ. ಕೇಳುವವರು ಹಾಗೆ ಕೂರಬೇಕಂತೆ. ಊರಿಗೆ ಹೋಗುವ ಬಸ್ಸಿನಲ್ಲಿ ಆ ಕತ್ತು ಕಂಡದ್ದೇ ತಡ, ಪಕ್ಕದವರು ಸೊಸೆಯ ಬಾಯಿ, ಮಂಡಿನೋವು, ಗಲ್ಫಿನಿಂದ ಫೋನು ಮಾಡದ ಮಗ, ಎಲ್ಲವನ್ನೂ ಅವಳ ಮಡಿಲಿಗೆ ಸುರಿದು ಹಗುರಾಗಿ ಇಳಿದುಹೋಗುತ್ತಾರೆ. "ಅಂದ್ರೆ ನಿಮಗೆ ತುಂಬ ಬೇಜಾರಾಗಿದೆ, ಅಲ್ವಾ?" ಎನ್ನುವುದೊಂದೇ ಅವಳ ಮಾತು, ಸಲಹೆ ಕೊಡಬಾರದೆಂದು ಪಾಠದಲ್ಲಿದೆ. ನೀನು ಬರುವ ದಿನ ಮಧ್ಯಾಹ್ನಕ್ಕೆ ಎಂತ ಪದಾರ್ಥ ಮಾಡಲಿ ಎಂದು ಫೋನಿನಲ್ಲಿ ಕೇಳಿದ ಅಮ್ಮನಿಗೂ, "ನಿನಗೆ ಎಂತ ಅನ್ನಿಸ್ತದೆ?" ಎಂದು ತಿರುಗಿ ಕೇಳಿದವಳು. "ನಿನ್ನ ತಲೆ! ಬಸಳೆ ಉಂಟು, ಅದನ್ನೇ ಮಾಡ್ತೇನೆ," ಎಂದು ಅಮ್ಮ ಫೋನು ಇಟ್ಟಳು. ತರಗತಿಯಲ್ಲಿ ಇಬ್ಬಿಬ್ಬರು ಎದುರುಬದುರು ಕೂತು, ಮನೆಮಾತಿನಲ್ಲೇ ಮನಸ್ಸು ಬಿಚ್ಚಿ ಅಭ್ಯಾಸ ಮಾಡಬೇಕು. ಉಳಿದ ಇಪ್ಪತ್ತೆರಡು ಮಂದಿಯದೂ ಮಲಯಾಳ. ತುಳುವಿನ ಯಶ್ಮಿತಾಳಿಗೆ ಎದುರು ಖಾಲಿ ಕುರ್ಚಿ. ಆದರೂ ರೆಕಾರ್ಡ್ ಪುಸ್ತಕ ತುಂಬಿಸಲೇಬೇಕಲ್ಲ! 'ಕ' ಎಂಬ ಹುಡುಗಿಯೊಬ್ಬಳನ್ನು ಸೃಷ್ಟಿಸಿ, ವಾರವಾರವೂ ಅವಳನ್ನು ಮಾತಾಡಿಸಿದ ಹಾಗೆ ಬರೆದಳು. 'ಕ'ಳ ಊರೂ ಬೆಳ್ಳೂರೇ. ಹಾಸ್ಟೆಲಿನ ಮೆಸ್ಸಿನಲ್ಲಿ ಅವಳು ಗೋಡೆಗೆ ಮುಖಮಾಡಿ ಉಣ್ಣುತ್ತಾಳೆ. ಎಲ್ಲರೂ ಅವಳಿಗೆ ಹೇಳುತ್ತಾರೆ, ಅವಳನ್ನು ಯಾರೂ ಕೇಳುವುದಿಲ್ಲ. ಪುಸ್ತಕ ಓದಿ ಮುಗಿಸಿದ ಕೌನ್ಸೆಲಿಂಗ್ ಮೇಡಂ ಕನ್ನಡಕ ತೆಗೆದರು. "ಈ ಹುಡುಗಿಯನ್ನು ಒಂಟಿಯಾಗಿ ಬಿಡಬೇಡ, ಗೊತ್ತಾಯ್ತಾ?" ಯಶ್ಮಿತಾಳ ಕತ್ತು ಅಂದು ಮೊದಲ ಸಲ ನೆಟ್ಟಗಾಯಿತು. "ಬಿಡುವುದಿಲ್ಲ ಮೇಡಂ," ಎಂದಳು, "ಅವಳ ಜೊತೆಗೆ ನಾನು ಇದ್ದೇನಲ್ಲ."