ಬಳೆ ಪಕ್ಷ, ದಿಂಬಿನ ಪಕ್ಷ

ಬೆಳಿಗ್ಗೆ ಷೆಡ್ಡಿನ ಬಾಗಿಲು ಸರಿಸಿದ ಮೇಲೆ ಅಕ್ಕ ಮೊದಲು ಮಾಡುವುದು ದೀಪ ಹಾಕುವ ಕೆಲಸವಲ್ಲ, ಕಸ ಗುಡಿಸುವುದೂ ಅಲ್ಲ. ಗೋಡೆಯ ಮೊಳೆಯಲ್ಲಿ ನೇತುಹಾಕಿದ ಪುಟ್ಟ ಸುತ್ತಿಗೆಯನ್ನು ತೆಗೆದುಕೊಂಡು, ಒಳಗೆ ನಿಂತಿರುವ ಒಂದೊಂದು ಲಾರಿಯ ಒಂದೊಂದು ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು, ಒಂದೊಂದು ನಟ್ಟಿಗೂ ಮೆಲ್ಲಗೆ ಬಡಿಯುತ್ತಾಳೆ. ಬಿಗಿಯಾಗಿದ್ದರೆ ಟಣ್ ಅನ್ನುತ್ತದೆ. ಸಡಿಲಾಗಿದ್ದರೆ ಒಡೆದ ಮಡಕೆ ತಟ್ಟಿದ ಹಾಗೆ ಡಬ್ ಅನ್ನುತ್ತದೆ. ಬಡಿಯುವಾಗ ಅವಳ ತುಟಿ ಅಲ್ಲಾಡುತ್ತಿರುತ್ತದೆ. ನಟ್ಟು ಎಣಿಸುತ್ತಾಳೆಂದು ನೋಡಿದವರು ಅಂದುಕೊಂಡಿದ್ದಾರೆ. ಎಣಿಸುವುದಲ್ಲ, ಆ ಗಾಡಿ ಹತ್ತುವವರು ಇಳಿಯುವ ತನಕ ಅವರನ್ನು ನೋಡಿಕೋ ಎಂದು ಮೇಲಿನವನಿಗೆ ಹೇಳಿಕೊಳ್ಳುವುದು. ಜ್ವರ ಬಂದ ದಿನವೂ ಕಂಬಳಿ ಹೊದ್ದುಕೊಂಡು ಬಂದು ಬಡಿದು, ಮತ್ತೆ ಹೋಗಿ ಮಲಗಿದ್ದುಂಟು.

ಈ ಅಭ್ಯಾಸ ಹತ್ತಿದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಅಪ್ಪನದು ಸಣ್ಣ ಲಾರಿ. ದುಂಡು ಮೂತಿಯದು, ಕಪ್ಪೆಗಣ್ಣಿನ ದೀಪಗಳದು. ಗಿರಣಿಯಿಂದ ಹಿಟ್ಟಿನ ಮೂಟೆ ಹೇರಿಕೊಂಡು, ಏರು ಹತ್ತಿ ಇಳಿದು, ಆಚೆ ಬದಿಯ ಬೇಕರಿಗಳಿಗೆ ಹಾಕಿಬರುವುದು ಅದರ ಕೆಲಸ. ಅಪ್ಪನಿಗೆ ಹೇಳದೆ ಅಚ್ಚರಿ ಕೊಡೋಣ ಅಂತ ಅಕ್ಕ ಚಕ್ರಗಳಿಗೆಲ್ಲ ಹೊಸ ಕೆಂಪು ಬಣ್ಣ ಬಳಿದಳು. ನೀಟಾಗಿ, ಕೂದಲೆಳೆಯಷ್ಟೂ ಜಾಗ ಬಿಡದ ಹಾಗೆ ಬಳಿದಳು. ಮೂರನೇ ದಿನ ಇಳಿಜಾರಿನಲ್ಲಿ ಮುಂದಿನ ಎಡಚಕ್ರ ಕುಣಿಯತೊಡಗಿತು. ಅಪ್ಪ ಲಾರಿಯನ್ನು ಹೇಗೋ ನಿಲ್ಲಿಸಿ ಮಗಳನ್ನು ಅಲ್ಲಿಗೇ ಕರೆಸಿಕೊಂಡರು. ಆರು ನಟ್ಟಿನಲ್ಲಿ ನಾಲ್ಕು ದಾರಿಯಲ್ಲೆಲ್ಲೋ ಉದುರಿದ್ದವು. ಉಳಿದೆರಡನ್ನು ಸ್ಪಾನರಿಲ್ಲದೆ ಬೆರಳಲ್ಲೇ ಬಿಚ್ಚಿ ಅವಳ ಅಂಗೈಗೆ ಹಾಕಿದರು.

"ಚೆನ್ನಾಗಿ ಬಳಿದಿದ್ದೀಯ. ನಟ್ಟಿನ ಕೆಳಗೂ ಬಳಿದಿದ್ದೀಯ," ಅಂದರು. ಅಷ್ಟೇ.

ನಟ್ಟು ಕೂರುವ ಜಾಗದಲ್ಲಿ ಬಣ್ಣವಿದ್ದರೆ ಅದು ಅಲುಗಾಟಕ್ಕೆ ಪುಡಿಯಾಗುತ್ತದೆ, ಪುಡಿಯಾದಷ್ಟು ನಟ್ಟು ಸಡಿಲಾಗುತ್ತದೆ. ಅದನ್ನು ಅವಳಿಗೆ ಯಾರೂ ಪಾಠ ಮಾಡಿ ಹೇಳಲಿಲ್ಲ. ಮರುದಿನದಿಂದ ಸುತ್ತಿಗೆ ಹಿಡಿದಳು. ಈಗ ಅವಳಿಗೆ ಐವತ್ತೆರಡು.

ಅಪ್ಪ ಲಾರಿ ರಿಪೇರಿಗೆಂದು ಇಟ್ಟಿದ್ದ ಷೆಡ್ಡು ಈಗ ಅಕ್ಕ ತಮ್ಮ ಇಬ್ಬರದೂ. ಹಳೆಯ ಕಾಲದ ಲಾರಿಗಳನ್ನು ಆಸೆಪಟ್ಟು ಕೊಂಡವರು ಅವನ್ನು ತಿದ್ದಿ ತೀಡಿಸಿಕೊಳ್ಳಲು ಬರುತ್ತಾರೆ. ಎಂಜಿನ್ನು, ಬ್ರೇಕು, ಸ್ಟೀರಿಂಗು ಅಕ್ಕನ ಪಾಲು. ಬಣ್ಣ, ತಗಡು, ಹೊಳಪು ತಮ್ಮನ ಪಾಲು. ಅವನ ಅಂಗಿಯ ಜೇಬಿನಲ್ಲಿ ಬಾಚಣಿಗೆ ಇಲ್ಲದಿದ್ದರೂ ಪಾಲಿಷ್ ಬಟ್ಟೆ ಇದ್ದೇ ಇರುತ್ತದೆ. ಅದಕ್ಕೇ ಬೀದಿಯವರೆಲ್ಲ ಅವನನ್ನು ಹೊಳಪಪ್ಪ ಅನ್ನುತ್ತಾರೆ. ಅವನಿಗೆ ಬೇಜಾರಿಲ್ಲ.

ಚಕ್ರ ಮಾತ್ರ ಯಾರ ಪಾಲು ಅಂತ ಇವತ್ತಿಗೂ ತೀರ್ಮಾನವಾಗಿಲ್ಲ.

ದೊಡ್ಡ ಚಕ್ರ ಬೇಕು ಅನ್ನುವುದರಲ್ಲಿ ಇಬ್ಬರದೂ ಒಂದೇ ಮಾತು. ಹಳೇ ಲಾರಿಯ ಉಬ್ಬಿದ ಮಡ್‌ಗಾರ್ಡಿನ ಕೆಳಗೆ ಸಣ್ಣ ಚಕ್ರ ಹಾಕಿದರೆ ಅಣ್ಣನ ಕೋಟು ತೊಟ್ಟ ಮಗುವಿನ ಹಾಗೆ ಕಾಣುತ್ತದೆಂದು ಅಕ್ಕನೇ ಹೇಳುತ್ತಾಳೆ. ಜಗಳ ಇರುವುದು ದೊಡ್ಡದು ಯಾವುದಾಗಬೇಕು ಎಂಬುದರಲ್ಲಿ. ತಮ್ಮನಿಗೆ ರಿಮ್ಮು ದೊಡ್ಡದಿರಬೇಕು. ಕನ್ನಡಿಯ ಹಾಗೆ ಹೊಳೆಯುವ ಬಿಳಿ ಲೋಹ, ಅದರ ಸುತ್ತ ಎರಡು ಬೆರಳು ರಬ್ಬರು. ಅಕ್ಕನಿಗೆ ಟೈರು ದೊಡ್ಡದಿರಬೇಕು. ನಡುವೆ ತಟ್ಟೆಯಷ್ಟು ರಿಮ್ಮು, ಸುತ್ತ ದಪ್ಪ ಕಪ್ಪು ರಬ್ಬರು.

"ಟೈರಾ ಇದು? ಬಳೆ," ಅಂತ ಅಕ್ಕ ಒಮ್ಮೆ ಅಂದಳು.

"ನಿಂದು ದಿಂಬು. ತಲೆ ಇಟ್ಕೊಂಡು ಮಲಗು," ಅಂದ ತಮ್ಮ.

ಆ ಎರಡು ಹೆಸರು ಷೆಡ್ಡು ಬಿಟ್ಟು ಬೀದಿಗೂ ಹಬ್ಬಿದವು. ಗಿರಾಕಿಗಳು ಬಂದವರೇ "ನಾವು ಬಳೆ ಪಕ್ಷ," "ನಾವು ದಿಂಬಿನ ಪಕ್ಷ" ಅಂತ ಹೇಳಿಕೊಂಡೇ ಕೂರುತ್ತಿದ್ದರು. ಬಳೆ ಪಕ್ಷದ ಮುಂದಾಳು ಒಬ್ಬರು ಹಲ್ಲಿನ ಡಾಕ್ಟರು. ಅವರಿಗಿಂತ ಹೆಚ್ಚು ವಯಸ್ಸಾದ ಹಳದಿ ಲಾರಿಯೊಂದನ್ನು ಇಟ್ಟುಕೊಂಡಿದ್ದಾರೆ. ಅದರ ಚಕ್ರದ ಮುಂದೆ ಕೂರಿಸಿದರೆ ರೋಗಿಗಳಿಗೆ ಬೇರೆ ಕನ್ನಡಿ ಬೇಡ ಅಂತ ಅಕ್ಕ ಅವರೆದುರಿಗೇ ಅನ್ನುತ್ತಾಳೆ. ಡಾಕ್ಟರು ತಮ್ಮ ಚೆಂದದ ಹಲ್ಲು ತೋರಿಸಿ ನಗುತ್ತಾರೆ.

ಹೀಗೆ ತಮಾಷೆಯಾಗಿಯೇ ನಡೆಯುತ್ತಿದ್ದದ್ದು ತಮಾಷೆಯಾಗಿ ಉಳಿಯದೆ ಹೋದದ್ದು ಅಪ್ಪನ ಲಾರಿಯಿಂದ.

ಅಪ್ಪ ತೀರಿಕೊಂಡ ಮೇಲೆ ಅದು ಹತ್ತು ವರ್ಷ ಷೆಡ್ಡಿನ ಮೂಲೆಯಲ್ಲಿ ಮರದ ತುಂಡುಗಳ ಮೇಲೆ ಕೂತಿತ್ತು. ಹೋದ ವರ್ಷ ಇಬ್ಬರೂ ಸೇರಿ ಅದಕ್ಕೆ ಕೈ ಹಚ್ಚಿದರು. ಅಕ್ಕ ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟಿದಳು. ತಮ್ಮ ತಗಡಿನ ತುಕ್ಕನ್ನು ಕೆರೆದು, ಅಪ್ಪನ ಕಾಲದಲ್ಲಿದ್ದ ಹಸಿರು ಬಣ್ಣವನ್ನೇ ಹುಡುಕಿ ಬಳಿದ. ಚಕ್ರದ ಮಾತನ್ನು ಇಬ್ಬರೂ ಎತ್ತಲಿಲ್ಲ. ಎತ್ತಿದರೆ ಏನಾಗುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಕೊನೆಗೆ ಆ ಮಾತು ಒಂದು ದಿನ ಊಟಕ್ಕೆ ಕೂತಾಗ ಬಂತು.

"ಮುಂದಿನ ಸೋಮವಾರದಿಂದ ಗಿರಣಿ ಮೂಟೆ ನಾನೇ ಹಾಕ್ತೀನಿ ಅಂತ ಹೇಳಿ ಬಂದಿದ್ದೀನಿ," ಅಂದಳು ಅಕ್ಕ. "ಅಪ್ಪನ ಲಾರೀಲಿ."

ತಮ್ಮ ಕೈಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. "ಅದಕ್ಕಾ ನಾನು ಏಳು ತಿಂಗಳು ಬಣ್ಣ ಬಳಿದಿದ್ದು? ಹಿಟ್ಟು ಹೊರೋಕೆ? ಭಾನುವಾರ ಹಳೇ ಲಾರಿ ಮೇಳ ಇದೆ. ಬಳೆ ತೊಡಿಸಿ ನಿಲ್ಲಿಸಿದ್ರೆ ಊರೆಲ್ಲ ತಿರುಗಿ ನೋಡುತ್ತೆ. ಆಮೇಲೆ ಷೆಡ್ಡಿನ ಮುಂದೆ ನಿಲ್ಲಿಸೋಣ. ನಮ್ಮ ಕೆಲಸ ಏನು ಅಂತ ಅದೇ ಹೇಳುತ್ತೆ."

"ನಿಲ್ಲಿಸೋದಾದ್ರೆ ಮರದ ತುಂಡಿನ ಮೇಲೇ ನಿಂತಿತ್ತಲ್ಲ. ಎಬ್ಬಿಸಿದ್ದು ಯಾಕೆ?"

"ಬಳೆ ಹಾಕ್ಕೊಂಡೂ ಹೊರಬಹುದು ಅಕ್ಕಾ."

"ಹೊರಲ್ಲ ಕಣೋ."

ಅಮ್ಮನಿಗೆ ಎಂಬತ್ತು ದಾಟಿದೆ, ಕಿವಿ ಚುರುಕಾಗಿದೆ. "ಅವರು ಇದ್ದಾಗ ಲಾರಿ ಒಂದೇ ಸದ್ದು ಮಾಡ್ತಿತ್ತು," ಅಂದಳು. "ಈಗ ಲಾರಿದೊಂದು, ನಿಮ್ಮದೆರಡು, ಮೂರು ಕಡೆಯಿಂದ ಬರ್ತಿದೆ."

ಅಕ್ಕನಿಗೆ ಅಪ್ಪನ ನೆನಪಿಗೆ ಲಾರಿ ಬೇಕಾಗಿರಲಿಲ್ಲ. ನೆನಪಿಗೆ ಸುತ್ತಿಗೆಯೇ ಸಾಕಿತ್ತು. ಅಪ್ಪ ಹೋದ ಮೇಲೆ ಮಾಡಿದ ಕೆಲಸವೆಲ್ಲ ಎಲ್ಲಿಗೂ ಹೋಗದ ಗಾಡಿಗಳಿಗೆ ಮಾಡಿದ್ದಾಯಿತು ಅನ್ನುವುದೊಂದು ಅವಳನ್ನು ಒಳಗೇ ಕೊರೆಯುತ್ತಿತ್ತು. ಹತ್ತಿಯ ಬಟ್ಟೆಯಲ್ಲಿ ಒರೆಸಿ, ಮುಸುಕು ಹಾಕಿ, ವರ್ಷಕ್ಕೆರಡು ಸಲ ಹೊರಗೆ ತೆಗೆಯುವ ಗಾಡಿಗಳು. ಒಂದಾದರೂ ಹೊರೆ ಹೊತ್ತು ಏರು ಹತ್ತುವುದನ್ನು ತನ್ನ ಕೈಯಿಂದಲೇ ಓಡಿಸಿ ನೋಡಬೇಕು ಅಂತ ಅವಳ ಹಟ.

ಬುಧವಾರ ಅವಳು ಲೇತ್ ಕೆಲಸದವನ ಹತ್ತಿರ ಹೋಗಿ ಬರುವಷ್ಟರಲ್ಲಿ ಅಪ್ಪನ ಲಾರಿ ನಾಲ್ಕು ಹೊಳೆಯುವ ಬಳೆಗಳ ಮೇಲೆ ನಿಂತಿತ್ತು. ಡಾಕ್ಟರು ತಮ್ಮಲ್ಲಿದ್ದ ಇನ್ನೊಂದು ಸೆಟ್ಟನ್ನು ಎರವಲು ಕೊಟ್ಟಿದ್ದರು. ತಾವೂ ನೋಡಲು ಬಂದು ಕುರ್ಚಿ ಹಾಕಿಕೊಂಡು ಕೂತಿದ್ದರು.

ಅಕ್ಕ ಒಂದು ಸುತ್ತು ಬಂದಳು. ಹಸಿರು ಮೈ, ಕೆಳಗೆ ಬೆಳ್ಳಿ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ, ಚೆನ್ನಾಗಿತ್ತು. ಅವಳು ಕೂಗಾಡಲಿಲ್ಲ. ಕಪಾಟಿನಿಂದ ಸೀಮೆಸುಣ್ಣದ ಡಬ್ಬಿ ತೆಗೆದಳು.

ಅಪ್ಪನ ಕಾಲದಿಂದ ಈ ಷೆಡ್ಡಿನಲ್ಲಿ ಒಂದು ಕಟ್ಟಳೆ. ಚಕ್ರ ಬದಲಿಸಿದ ಯಾವ ಗಾಡಿಯೂ ಸುಣ್ಣ ಹಚ್ಚದೆ ಹೊರಗೆ ಹೋಗುವಂತಿಲ್ಲ. ಟೈರಿನ ಅಂಚಿಗೆಲ್ಲ ಸೀಮೆಸುಣ್ಣ ಬಳಿದು, ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಬಾಗಿಲೆದುರಿನ ಚರಂಡಿಯ ಚಪ್ಪಡಿಯನ್ನು ಓರೆಯಾಗಿ ಹತ್ತಿಸಿ ಇಳಿಸಬೇಕು. ಆಮೇಲೆ ಮಡ್‌ಗಾರ್ಡಿನ ಒಳಗೆ ಟಾರ್ಚು ಬಿಟ್ಟು ನೋಡಬೇಕು. ಬಿಳಿ ಗುರುತು ಬಿದ್ದಿದ್ದರೆ ಟೈರು ಅಲ್ಲಿ ಉಜ್ಜುತ್ತಿದೆ, ಆ ಚಕ್ರ ಆಗದು.

"ಹಚ್ಚು, ಹಚ್ಚು," ಅಂದ ತಮ್ಮ. "ನನಗೇನು ಭಯ."

ಹಚ್ಚಿದಳು. ತಿರುಗಿಸಿದಳು. ಹತ್ತಿಸಿ ಇಳಿಸಿದಳು. ತಮ್ಮನೇ ಟಾರ್ಚು ಹಿಡಿದು ನೆಲದ ಮೇಲೆ ಮಲಗಿ ನಾಲ್ಕೂ ಕಡೆ ನೋಡಿದ. ಒಂದು ಚುಕ್ಕೆ ಬಿಳಿ ಇರಲಿಲ್ಲ.

"ಏನಂತೀಯ?" ಅಂದ, ಮಲಗಿದಲ್ಲಿಂದಲೇ.

ಅಕ್ಕ ಲಾರಿಗೆ ಇನ್ನೊಂದು ಸುತ್ತು ಬಂದಳು. ಸುಣ್ಣದ ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡಳು. ಎಲ್ಲೋ ಏನೋ ತಪ್ಪಿದೆ ಅನ್ನಿಸುತ್ತಿತ್ತು, ಯಾವುದು ಅಂತ ಹೊಳೆಯುತ್ತಿರಲಿಲ್ಲ. ಅಮ್ಮ ಅಷ್ಟರಲ್ಲಿ ಎಲ್ಲರಿಗೂ ಚಹ ತಂದಳು. ಲಾರಿಯ ಹತ್ತಿರ ಬಂದು ಮೂತಿಯನ್ನು ಸವರಿದಳು.

"ಸುಣ್ಣದ ದಿನ ನನಗೆ ತಪ್ಪಿದ್ದಲ್ಲ," ಅಂದಳು. "ಸಾಕಷ್ಟು ಭಾರ ಸಿಕ್ಕದಿದ್ರೆ ನನ್ನನ್ನೂ ಹತ್ತಿಸೋರು ನಿಮ್ಮಪ್ಪ. ಒಂದ್ಸಲ ನೀನು ನನ್ನ ಪಕ್ಕ, ಇವನು ನನ್ನ ಹೊಟ್ಟೇಲಿ. ಮೂರು ಜನ ಒಂದು ಮೂಟೆಗೆ ಸಮ ಅಂತಿದ್ರು."

ಅಕ್ಕ ಲೋಟ ಕೆಳಗಿಟ್ಟಳು.

"ಭಾರ ಹೇರಿ ಹಚ್ಚಬೇಕು," ಅಂದಳು. "ಅಪ್ಪ ಯಾವತ್ತೂ ಖಾಲಿ ಗಾಡಿಗೆ ಸುಣ್ಣ ಹಚ್ಚಿದವರಲ್ಲ."

ಯಾವಾಗ ತಪ್ಪಿತು ಅಂತ ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಅಪ್ಪನ ಕಾಲದಲ್ಲಿ ಷೆಡ್ಡಿಗೆ ಬರುತ್ತಿದ್ದವು ದುಡಿಯುವ ಗಾಡಿಗಳು. ಹೊರೆ ಹೇರಿಕೊಂಡೇ ಬರುತ್ತಿದ್ದವು. ಈಗ ಬರುವವು ಮೇಳದ ಗಾಡಿಗಳು. ಡಾಕ್ಟರ ಹಳದಿ ಲಾರಿ ಇವತ್ತಿನ ತನಕ ಹೊತ್ತ ಅತಿ ದೊಡ್ಡ ಭಾರವೆಂದರೆ ಅವರ ನಾಯಿ. ಸುಣ್ಣದ ಶಾಸ್ತ್ರ ಉಳಿದುಕೊಂಡಿತ್ತು, ಭಾರ ಮಾತ್ರ ಮೆಲ್ಲಗೆ ಇಳಿದುಹೋಗಿತ್ತು. ಹನ್ನೊಂದು ವರ್ಷ ಇಬ್ಬರೂ ಖಾಲಿ ಗಾಡಿಗಳಿಗೆ ಸುಣ್ಣ ಹಚ್ಚಿ, ಸರಿ ಇದೆ ಅಂತ ಕಳಿಸಿದ್ದರು.

ಸರಪಳಿ ರಾಟೆ ಎಳೆದರು. ಹಿತ್ತಲಲ್ಲಿ ಬಿದ್ದಿದ್ದ ಹಳೇ ಗೇರ್‌ಬಾಕ್ಸುಗಳು, ಆಕ್ಸಲುಗಳು, ಬಿರುಕುಬಿಟ್ಟ ಎಂಜಿನ್ನು, ಎಲ್ಲವನ್ನೂ ಒಂದೊಂದಾಗಿ ಎತ್ತಿ ಹೇರಿದರು. ತಮ್ಮ ಅಕ್ಕನಿಗೆ ಸರಿಸಮನಾಗಿ ಎಳೆದ. ಸ್ಪ್ರಿಂಗು ಪಟ್ಟಿಗಳು ನಿಧಾನವಾಗಿ ಬಾಗಿ, ಹಸಿರು ಮೈ ಬಳೆಗಳ ಮೇಲೆ ಕೆಳಗಿಳಿಯಿತು.

"ನಾನೂ ಹತ್ತಲಾ?" ಅಂದರು ಡಾಕ್ಟರು.

"ಹತ್ತಿ ಡಾಕ್ಟ್ರೇ. ಅರ್ಧ ಮೂಟೆ ಆಗ್ತೀರ," ಅಂದಳು ಅಮ್ಮ.

ಅಕ್ಕ ಸ್ಟೀರಿಂಗು ಹಿಡಿದಳು. ಎಡಕ್ಕೆ ತಿರುಗಿಸಿದಾಗ ಏನೂ ಕೇಳಲಿಲ್ಲ. ಬಲಕ್ಕೆ ತಿರುಗಿಸಿದಾಗಲೂ ಇಲ್ಲ. ಚಪ್ಪಡಿಯನ್ನು ಓರೆಯಾಗಿ ಹತ್ತಿಸಿ ಇಳಿಸಿದಾಗ ಹಿಂದಿನಿಂದ ಚರ್ ಎಂದು ದಪ್ಪ ಬಟ್ಟೆ ಹರಿದ ಸದ್ದು ಬಂತು. ತಮ್ಮ ಕೈ ಎತ್ತಿ ನಿಲ್ಲಿಸಿದ. ಟಾರ್ಚು ಬಿಡುವ ಅಗತ್ಯವೇ ಇರಲಿಲ್ಲ. ಅವನು ಏಳು ತಿಂಗಳು ಬಳಿದ ಹಸಿರಿನ ಒಳಮೈಯಲ್ಲಿ ಗೇಣುದ್ದದ ಬಿಳಿ ಬರೆ, ಅದರ ನಡುವೆ ಬಣ್ಣ ಕಿತ್ತು ತಗಡು ಕಾಣುತ್ತಿತ್ತು. ರಬ್ಬರಿನ ತುಟಿಯೂ ಸೀಳಿತ್ತು.

ಅವನು ಅದನ್ನು ಬೆರಳಲ್ಲಿ ಮುಟ್ಟಿ ನೋಡಿದ.

"ಇಳಿಜಾರಲ್ಲಿ ಹೀಗಾಗಿದ್ರೆ..." ಅಂದ.

"ಹೂಂ," ಅಂದಳು ಅಕ್ಕ. ಅವಳಿಗೆ ಗೆದ್ದ ಹಿಗ್ಗು ಬರಲಿಲ್ಲ. ಅಂಗೈಯಲ್ಲಿ ಎರಡು ನಟ್ಟು ಬಿದ್ದ ಹಾಗಾಯಿತು. "ತಪ್ಪು ನಿಂದೊಬ್ಬಂದೇ ಅಲ್ಲ. ಹನ್ನೊಂದು ವರ್ಷ ಸುಣ್ಣ ಹಚ್ಚಿದ ಕೈ ನಂದೇ. ಇಲ್ಲಿಂದ ಹೋದವರನ್ನೆಲ್ಲ ವಾಪಸ್ಸು ಕರೀಬೇಕು."

"ಎಲ್ಲರನ್ನೂ? ನಗ್ತಾರೆ ಅಕ್ಕಾ."

"ನಗಲಿ."

ಆ ಸಂಜೆಯೇ ಫೋನು ಹಿಡಿದು ಕೂತಳು. ಕೆಲವರು ನಕ್ಕರು. ನಮ್ಮದು ಹೊರೆ ಹೊರುವ ಗಾಡಿಯೇ ಅಲ್ಲವಲ್ಲ ಅಂದರು. "ಒಂದು ದಿನ ನೆಂಟರಿಷ್ಟರನ್ನೆಲ್ಲ ಹಿಂದೆ ಕೂರಿಸ್ಕೊಂಡು ಹೊರಡ್ತೀರಲ್ಲ, ಅವತ್ತು ಅದು ಹೊರೆ ಗಾಡೀನೇ," ಅಂದಳು ಅಕ್ಕ. ಗುರುವಾರ ನಾಲ್ಕು ಲಾರಿ ಬಂದವು. ಎರಡಕ್ಕೆ ಬಿಳಿ ಗುರುತು ಬಿತ್ತು. ಅದರಲ್ಲೊಂದು ದಿಂಬಿನದು, ಅಕ್ಕನೇ ಆರಿಸಿ ಹಾಕಿದ್ದು. ತಮ್ಮ ಅದನ್ನು ನೋಡಿ ಕೆಮ್ಮಿದ, ಅಷ್ಟೇ. ಆದರೆ ಊಟಕ್ಕೆ ಕೂರುವ ತನಕ ಆಗಾಗ ಕೆಮ್ಮುತ್ತಲೇ ಇದ್ದ.

ಶುಕ್ರವಾರ ಅಪ್ಪನ ಲಾರಿಗೆ ದಿಂಬು ಹಾಕಿ ಅದೇ ಭಾರದಲ್ಲಿ ಸುಣ್ಣ ಹಚ್ಚಿದರು. ಟೈರಿಗೂ ತಗಡಿಗೂ ನಡುವೆ ಎರಡು ಬೆರಳು ಜಾಗ ಸಿಕ್ಕಿತು. ಒಳಗಿನ ಗಾಯಕ್ಕೆ ತಮ್ಮ ಬಣ್ಣ ಮುಟ್ಟಿಸಿದ. ನಡುವಿನ ತಟ್ಟೆಯಷ್ಟು ರಿಮ್ಮಿಗೆ ಕೆಂಪು ಬಳಿದು, ಮುಖ ಕಾಣುವಷ್ಟು ತಿಕ್ಕಿದ. ನಟ್ಟು ಕೂರುವ ಜಾಗಗಳಿಗೆ ಮಾತ್ರ ಮೊದಲೇ ಕಾಗದ ಅಂಟಿಸಿದ್ದ. ಅಕ್ಕ ಅದನ್ನು ನೋಡಿದಳು.

"ನನಗೆ ಈಗಲೂ ಬಳೇನೇ ಚೆಂದ," ಅಂದ.

"ಚೆಂದ ಅಲ್ಲ ಅಂತ ನಾನ್ಯಾವಾಗ ಅಂದೆ?"

ಭಾನುವಾರ ಬೆಳಿಗ್ಗೆ ಅಕ್ಕ ಇಪ್ಪತ್ತನಾಲ್ಕು ನಟ್ಟುಗಳನ್ನೂ ಬಡಿದು ಏಳುವ ಹೊತ್ತಿಗೆ ಬಾಗಿಲಲ್ಲಿ ಒಂದು ಉದ್ದನೆಯ ಟ್ರೇಲರು ಬಂದು ನಿಂತಿತು. ಮೇಲೆ ಹಳದಿ ಲಾರಿ. ಅದರ ಹಿಂದೆ ಇನ್ನೊಂದು ಗಾಡಿಗೆ ಜಾಗ. ಡಾಕ್ಟರು ಇಳಿದು ಬಂದರು.

"ಹತ್ತಿಸಿಬಿಡಿ ಅಕ್ಕಾವ್ರೇ. ಮೇಳದ ಮೈದಾನದ ತನಕ ನಾನೇ ಹೊತ್ಕೊಂಡು ಹೋಗ್ತೀನಿ. ದಾರೀಲೆಲ್ಲ ಮಣ್ಣು. ಹೊಸಾ ಟೈರು, ತಮ್ಮ ಅಷ್ಟು ತಿಕ್ಕಿದ್ದಾನೆ, ಎಲ್ಲಾ ಹಾಳಾಗುತ್ತೆ. ಆ ಏರು ಬೇರೆ. ಬರೋವಾಗಲೂ ತಂದು ಬಿಡ್ತೀನಿ, ನನಗೇನೂ ತೊಂದರೆ ಇಲ್ಲ."

ತಮ್ಮ ಅಕ್ಕನ ಮುಖ ನೋಡಿದ. ಅಮ್ಮ ಆಗಲೇ ಲಾರಿಯ ಮುಂದಿನ ಸೀಟಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹಿಂದೆ ಗೇರ್‌ಬಾಕ್ಸುಗಳು, ಆಕ್ಸಲುಗಳು ಹಾಗೇ ಇದ್ದವು. ನಾಳೆಯ ಮೂಟೆಗಳಿಗೆ ಮೊದಲು ಇವತ್ತೇ ಏರು ಹತ್ತಿಸಿ ನೋಡುತ್ತೇನೆಂದು ಅಕ್ಕ ಇಳಿಸಗೊಟ್ಟಿರಲಿಲ್ಲ.

ಅಕ್ಕ ಸುತ್ತಿಗೆಯನ್ನು ಮೊಳೆಗೆ ತೂಗುಹಾಕಿ ಬಂದಳು.

"ಕೇಳಿದ್ದೇ ದೊಡ್ಡದು ಡಾಕ್ಟ್ರೇ," ಅಂದಳು. "ಬೇಡ. ಕಾಲು ಬಂದ ಮೇಲೆ ಯಾಕೆ ಎತ್ಕೊಂಡು ಹೋಗೋದು. ಅದು ನಡ್ಕೊಂಡೇ ಬರುತ್ತೆ."